ಇರಲಾರದೆ ಬಿಟ್ಟುಕೊಂಡ ಇರುವೆ

ಅಷ್ಟೂ ಅನಾಹುತಕ್ಕೆ ಕಾರಣ ಮಿರಜದ ಡಾಕ್ಟರು ಕೇಳಿದ ಒಂದು ಸಾದಾ ಪ್ರಶ್ನೆ.

"ಡೋಕ್ಯಾತ ಮುಂಗ್ಯಾ ಯೇತಾತ ಕಾ?"

ಮರಾಠಿ ಬಲ್ಲವರಿಗೆ ಇದರಲ್ಲಿ ವಿಶೇಷವೇನೂ ಕಾಣಿಸದು. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಕಾಲು ಜುಮುಜುಮು ಎನ್ನುತ್ತದಲ್ಲ, ಅದಕ್ಕೆ ನಾವು ಜುಮ್ಮು ಹಿಡಿಯಿತು ಎಂದರೆ ಅವರು 'ಮುಂಗ್ಯಾ ಬಂದವು' ಎನ್ನುತ್ತಾರೆ. ಮುಂಗ್ಯಾ ಎಂದರೆ ಇರುವೆ. ತಲೆಯಲ್ಲಿ ಜುಮುಜುಮು ಅನ್ನುತ್ತದೆಯೇ ಎಂಬುದಷ್ಟೇ ಡಾಕ್ಟರ ಪ್ರಶ್ನೆಯ ಅರ್ಥ. ಶಿರಗುಪ್ಪಿಯ ಪಾರಿಸ ತನ್ನ ಕಿರಾಣಿ ಅಂಗಡಿಯಲ್ಲಿ ಅರ್ಧ ಊರಿಗೆ ಕನ್ನಡದಲ್ಲಿ, ಅರ್ಧ ಊರಿಗೆ ಮರಾಠಿಯಲ್ಲಿ ಸಕ್ಕರೆ ಕಟ್ಟಿಕೊಟ್ಟವನು. ಅವನಿಗೆ ಸರಿಯಾಗಿಯೇ ತಿಳಿಯಿತು. "ಯೇತಾತ ಡಾಕ್ಟರ, ಖೂಪ ಯೇತಾತ" ಎಂದ. ಬರುತ್ತವೆ, ಬಹಳ ಬರುತ್ತವೆ.

"ಯೇವೂ ದ್ಯಾ. ಕಾಹೀ ಕರೂ ನಕಾ. ಆಪೋಆಪ ಜಾತೀಲ." ಬರಲಿ ಬಿಡು, ಏನೂ ಮಾಡಬೇಡ, ತಾವಾಗಿಯೇ ಹೋಗುತ್ತವೆ, ಎಂದು ಡಾಕ್ಟರು ಯಂತ್ರದ ಗುಂಡಿಯನ್ನು ಇನ್ನೊಂದು ಚೂರು ತಿರುಗಿಸಿದರು.

ಮಾತು ಇಲ್ಲಿಗೇ ಮುಗಿದಿದ್ದರೆ ಈ ಕತೆಯೇ ಇಲ್ಲ. ಆದರೆ ಪರದೆಯ ಆಚೆ, ಕಾಲಿನ ಹೆಬ್ಬೆರಳು ಮರಗಟ್ಟಿದೆ ಎಂದು ತೋರಿಸಲು ಬಂದು ಪಾಳಿ ಕಾಯುತ್ತಿದ್ದವನು ಭರಮು. ಪಾರಿಸನ ಗೋಡೆಗೆ ಗೋಡೆ ಹಚ್ಚಿದ ಮನೆಯವನು, ಎತ್ತಿನ ದಲ್ಲಾಳಿ. ಅಥಣಿಯ ಆಚೆ ಮೂಡಣ ಸೀಮೆಯಿಂದ ಬಂದು ಶಿರಗುಪ್ಪಿಯಲ್ಲಿ ನೆಲೆಸಿದವ. ಅವನಿಗೆ ಬರುವ ಮರಾಠಿಯೆಲ್ಲ ದನದ ಪೇಟೆಯಲ್ಲಿ ಕಲಿತದ್ದು. ಎತ್ತಿನ ಹಲ್ಲು, ಸುಳಿ, ಗೊರಸುಗಳ ಮಟ್ಟಿಗೆ ಅದು ಗಟ್ಟಿ. ಮನುಷ್ಯರ ವಿಷಯಕ್ಕೆ ಬಂದರೆ ಶಬ್ದಕ್ಕೆ ಶಬ್ದ ಇಟ್ಟು ಅರ್ಥ ಮಾಡಿಕೊಳ್ಳುವುದು. ಡೋಕೆ ಎಂದರೆ ತಲೆ, ಮುಂಗ್ಯಾ ಎಂದರೆ ಇರುವೆ. ಪಾರಿಸನ ತಲೆಯಲ್ಲಿ ಇರುವೆ ಹೊಕ್ಕಿವೆ, ಅದೂ ಬಹಳ ಹೊಕ್ಕಿವೆ, ಡಾಕ್ಟರೇ ಕೈಚೆಲ್ಲಿ ಏನೂ ಮಾಡಬೇಡ ಎಂದುಬಿಟ್ಟಿದ್ದಾರೆ! ಭರಮುವಿಗೆ ತನ್ನ ಹೆಬ್ಬೆರಳೇ ಮರೆತುಹೋಯಿತು.

ಇದು ಎಂಬತ್ತೇಳನೆಯದೋ ಎಂಬತ್ತೆಂಟನೆಯದೋ ಇಸವಿಯ ಮಾತು. ಆಗ ಶಿರಗುಪ್ಪಿಯಲ್ಲಿ ಸುದ್ದಿ ಹೋಗಲು ಫೋನು ಬೇಕಾಗಿರಲಿಲ್ಲ, ಭರಮು ಸಾಕಾಗಿದ್ದ.

ಅಲ್ಲಾ, ಪಾರಿಸ ಯಾಕೆ ತಲೆಗೆ ಯಂತ್ರ ಕಟ್ಟಿಸಿಕೊಂಡ? ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಪಾರಿಸನಿಗೆ ಹೇಳಿಕೊಳ್ಳುವಂಥ ಚಿಂತೆಯೂ ಇರಲಿಲ್ಲ, ನಿದ್ದೆಯೂ ಇರಲಿಲ್ಲ. ದೀಪ ಆರಿಸಿದ ಮೇಲೆ ಎದ್ದು ಕೂತು ತೊಗರಿಬೇಳೆ ಆರಿಸುವನು. ಡಬ್ಬಿಗಳನ್ನು ಇಳಿಸಿ ಒರೆಸಿ ಮತ್ತೆ ಏರಿಸುವನು. ತಕ್ಕಡಿಯ ಬಟ್ಟಲು ಠಣ್ ಅಂದರೆ ಹೆಂಡತಿ ಮಂಗಲ ಬೆಚ್ಚಿಬಿದ್ದು ಏಳುವಳು. ಮದುವೆಯಾಗಿ ನಾಲ್ಕು ವರ್ಷ ಅವಳು ಸಹಿಸಿದಳು. ಕೊನೆಗೊಂದು ದಿನ, "ನನಗರ ನಿದ್ದಿ ಬೇಕ್ರಿ" ಎಂದು ಗಂಟು ಕಟ್ಟಿಕೊಂಡು ಅಥಣಿಯ ತವರಿಗೆ ಹೋದಳು. ಜಗಳವಿಲ್ಲ, ಕೂಗಾಟವಿಲ್ಲ. ಹೋಗುವಾಗ ಅವನಿಗೆ ಎರಡು ಹೊತ್ತಿನ ಅಡಿಗೆ ಮಾಡಿಟ್ಟೇ ಹೋದಳು. ಅದೇ ಪಾರಿಸನಿಗೆ ಹೆಚ್ಚು ಸಂಕಟ ತಂದದ್ದು.

ಅವಳ ಅಪ್ಪ ಬಾಪುಸಾಹೇಬರು ಶಿಸ್ತಿನ ಮನುಷ್ಯ. ಹೊತ್ತು ಮುಳುಗುವ ಮೊದಲೇ ಉಣ್ಣುವವರು, ಸೋಸದ ನೀರು ಮುಟ್ಟದವರು, ದಾರಿಯಲ್ಲಿ ಹುಳ ಕಂಡರೆ ಸುತ್ತು ಹಾಕಿ ನಡೆಯುವವರು. ಅವರು ಶಿರಗುಪ್ಪಿಗೆ ಹೇಳಿ ಕಳಿಸಿದ ಮಾತು ಇದು: "ಬರೋ ಗುರುವಾರ ಮಂಗಲಾನ ಕರಕೊಂಡ ಬರ್ತೀನಿ. ಮಧ್ಯಾನ್ಹ ಉಂಡಮ್ಯಾಲ ನಿದ್ದಿ ಬರದವ ಮನಶ್ಯಾನ ಅಲ್ಲ. ಅಳಿಯಂದ್ರು ಮಂದಿಯಂಗ ಮಲಗಿ ನಿದ್ದಿ ಮಾಡೂದು ನನ್ನ ಕಣ್ಣಲೇ ನೋಡ್ತೀನಿ. ಮಾಡಿದ್ರ ಮಗಳನ್ನ ಬಿಟ್ಟ ಬರ್ತೀನಿ. ಇಲ್ಲಂದ್ರ ಹೊಳ್ಳಿ ಕರಕೊಂಡ ಹೋಗ್ತೀನಿ."

ಪರೀಕ್ಷೆಗೆ ಓದಿ ಕೂಡಬಹುದು. ನಿದ್ದೆಗೆ ಏನು ಓದುವುದು? ಅದಕ್ಕೇ ಪಾರಿಸ ಗುರುವಾರ ಬೆಳಿಗ್ಗೆಯೇ ಅಂಗಡಿಗೆ ಮಾಲು ತರುತ್ತೇನೆಂದು ಊರಿಗೆ ಸುಳ್ಳು ಹೇಳಿ ಮಿರಜಕ್ಕೆ ಹೋದದ್ದು. ಸುಳ್ಳು ಹೇಳದೆ ಗತಿಯಿರಲಿಲ್ಲ. ನಮ್ಮ ಕಡೆ 'ತಲೆಗೆ ಕರೆಂಟು' ಎಂದರೆ ಒಂದೇ ಅರ್ಥ, ಧಾರವಾಡದ ಹುಚ್ಚಾಸ್ಪತ್ರೆ. ಕರೆಂಟು ಕೊಡಿಸಿಕೊಂಡ ಎಂದು ಒಬ್ಬರ ಬಾಯಿಂದ ಬಂದರೆ ಸಾಕು, ಬಾಪುಸಾಹೇಬರು ಮಗಳ ಸೀರೆಯ ಸೆರಗು ಕೂಡ ಶಿರಗುಪ್ಪಿಯ ಕಡೆ ಹಾರಲು ಬಿಡುತ್ತಿರಲಿಲ್ಲ.

ಡಾಕ್ಟರೂ ಅದನ್ನೇ ಮೊದಲು ಹೇಳಿದರು. ಇದು ನೀನು ಅಂದುಕೊಂಡ ಶಾಕ್ ಅಲ್ಲಪ್ಪ, ಸೆಲ್ಲಿನ ಮೇಲೆ ನಡೆಯುವ ಸಣ್ಣ ಯಂತ್ರ, ಹಿತವಾಗುವಷ್ಟೇ ಹರಿಯುತ್ತದೆ ಎಂದರು. ಟ್ರಾನ್ಸಿಸ್ಟರಿನಷ್ಟು ಪೆಟ್ಟಿಗೆ, ಉಪ್ಪುನೀರಲ್ಲಿ ಅದ್ದಿದ ಎರಡು ಸ್ಪಂಜಿನ ಬಿಲ್ಲೆ, ತಲೆಗೊಂದು ರಬ್ಬರಿನ ಪಟ್ಟಿ. ಬಿಲ್ಲೆ ಇಟ್ಟ ಕಡೆ ಒಂದು ದಿನ ಕೆಂಪಾಗಿ ತುರಿಸಬಹುದು, ತಲೆ ಸಣ್ಣಗೆ ನೋಯಬಹುದು, ಮಂಪರು ಬರಬಹುದು, ಇವತ್ತು ಸೈಕಲ್ ಹೊಡೆಯಬೇಡ ಎಂದೂ ಹೇಳಿದರು.

ಮೊದಲು ನಾಲಿಗೆಯ ಮೇಲೆ ತಾಮ್ರದ ಬಿಲ್ಲೆ ಇಟ್ಟಂಥ ರುಚಿ ಬಂತು. ಕಣ್ಣು ಮಿಟುಕಿಸಿದರೆ ರೆಪ್ಪೆಯೊಳಗೆ ಬೆಳಕು ಮಿಣಕ್ ಎಂದಿತು. ಆಮೇಲೆ ಆ ಜುಮುಜುಮು. ಅದೂ ಅಡಗಿದ ಮೇಲೆ ಬಂದದ್ದನ್ನು ಪಾರಿಸ ಮುಂದೆ ಎಷ್ಟೋ ವರ್ಷ ನೆನೆಸಿಕೊಂಡ. ಅವನು ಆರು ವರ್ಷದ ಹುಡುಗನಾಗಿದ್ದಾಗ ತಾಯಿ ತಾರಾಬಾಯಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗಳದ ಎಳೆಬಿಸಿಲಿನಲ್ಲಿ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಅವಳ ಬೆರಳು ಕೂದಲೊಳಗೆ ಆಡುತ್ತಿದ್ದಂತೆ ಊರಾಚೆಯ ಗಾಣದಿಂದ ಬೆಲ್ಲ ಕುದಿಯುವ ವಾಸನೆ ಬರುತ್ತಿತ್ತು. ಎಣ್ಣೆ ಮುಗಿಯುವ ಮೊದಲೇ ಅವನಿಗೆ ನಿದ್ದೆ ಹತ್ತುತ್ತಿತ್ತು. ತಾಯಿ ಹೋಗಿ ಎಷ್ಟೋ ವರ್ಷವಾಗಿತ್ತು. ಆ ಬೆರಳು ಈಗ ತಿರುಗಿ ಬಂದಂತಾಗಿ ಪಾರಿಸನ ಕಣ್ಣಂಚಿನಲ್ಲಿ ನೀರು ಬಂತು. ಡಾಕ್ಟರು ನೋಡಿ, ಒಳಗಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಮಲಗಿ ಹೋಗು ಎಂದರು.

ಅವನು ಮಲಗಿದ್ದ ಹೊತ್ತಿನಲ್ಲಿ ಭರಮು ಹೆಬ್ಬೆರಳಿಗೆ ಮುಲಾಮು ಬರೆಸಿಕೊಂಡು ಮೊದಲ ಬಸ್ಸು ಹಿಡಿದ. ಮುಲಾಮು ಕೊಳ್ಳಲಿಲ್ಲ, ಅಷ್ಟು ಪುರುಸೊತ್ತು ಎಲ್ಲಿಯದು?

ಪಾರಿಸ ಊರಿಗೆ ಬಂದಾಗ ಮಧ್ಯಾಹ್ನದ ಬಿಸಿಲು ಓಣಿಯನ್ನು ಖಾಲಿ ಮಾಡಿತ್ತು. ಕಣ್ಣ ರೆಪ್ಪೆಗಳು ಬೆಲ್ಲದ ಪಾಕ ಮೆತ್ತಿದಂತೆ ಭಾರವಾಗಿದ್ದವು. ಮಾವ ಬರಲು ಇನ್ನೂ ಹೊತ್ತಿತ್ತು. ಉಂಡ, ಅಂಗಡಿಯ ಬಾಗಿಲು ಮುಂದೆ ಮಾಡಿದ, ಬೆಲ್ಲದ ಪೆಂಟಿಗಳ ಪಕ್ಕದಲ್ಲೇ ಗಾದಿ ಹಾಸಿದ, ದಿಂಬಿಗೆ ತಲೆ ಕೊಟ್ಟ. ಜನ್ಮದಲ್ಲಿ ಮೊದಲ ಸಲ ಅನ್ನುವಂತೆ ನಿದ್ದೆ ತಾನಾಗಿ ನಡೆದು ಬಂದು ಅವನ ಕಾಲ ಬಳಿ ನಿಂತಿತ್ತು.

"ಪಾರಿಸಾ! ಎಪ್ಪಾ, ಜೀಂವಂತ ಅದೀಯೇನೋ?"

ಎದುರು ಮನೆಯ ಮುದುಕಿ ಶಿವಗಂಗವ್ವ ಬಾಗಿಲು ದೂಡಿಕೊಂಡೇ ಒಳಗೆ ಬಂದಿದ್ದಳು. ಒಂದು ಕೈಯಲ್ಲಿ ಸೌಟು, ಸೌಟಿನಲ್ಲಿ ಹೊಗೆಯಾಡುವ ಬೆಳ್ಳುಳ್ಳಿ ಎಣ್ಣೆ. "ಯಾವ ಕಿವ್ಯಾಗಿಂದ ಹೊಕ್ಕಾವು ಹೇಳು. ಬಲದ್ದೋ ಎಡದ್ದೋ? ಒಂದ ಹನಿ ಬಿಟ್ರ ಎಲ್ಲಾ ಚಟ್ ಅಂತಾವು."

"ಏನ ಹೊಕ್ಕಾವ ಆಯಿ?"

"ಇರವಿ! ಊರಿಗೆಲ್ಲಾ ಗೊತ್ತಾಗೇತಿ, ನನ್ನ ಮುಂದ ಮುಚ್ತೀ? ಭರಮು ತನ್ನ ಕಿವೀಲೆ ಕೇಳ್ಯಾನ. ತಲ್ಯಾಗ ಇರವಿ ತುಂಬ್ಯಾವಂತ ಡಾಕ್ಟರ ಹೇಳ್ಯಾನಂತ."

ಪಾರಿಸ ಎದ್ದು ಕೂತ. ಭರಮು ಅಲ್ಲಿದ್ದ! ಜುಮುಜುಮುವಿನ ಅರ್ಥ ಬಿಡಿಸಿ ಹೇಳುವ ಮಾತು ಪಾರಿಸನ ನಾಲಿಗೆಯ ತುದಿಗೆ ಬಂದಿತ್ತು. "ಇರವಿ ಇಲ್ಲ ಆಯಿ, ಸುಳ್ಳದು" ಎಂದ.

"ಮತ್ತ ಮಿರ್ಜಿಗೆ ತಲಿ ಡಾಕ್ಟರನ ಕಡೆ ಯಾಕ ಹೋಗಿದ್ದೀ? ಮಾಲ ತರಾಕ ಹೋಗಿದ್ನೆಪ್ಪಾ ಅನಬ್ಯಾಡ, ಕೈಯಾಗ ಒಂದ ಚೀಲ ಇಲ್ಲ. ಅಯ್ಯಯ್ಯ, ಇದೇನ ಎರಡೂ ಕಡೆ ಕಚ್ಚಿ ಕೆಂಪ ಮಾಡ್ಯಾವು!"

ಸ್ಪಂಜಿನ ಬಿಲ್ಲೆಯ ಗುರುತುಗಳು ಕಿವಿಗಳ ಮುಂದೆ ಕುಂಕುಮ ಇಟ್ಟಂತೆ ದುಂಡಗೆ ಎದ್ದಿದ್ದವು. ಪಾರಿಸ ಬಾಯಿ ಮುಚ್ಚಿದ. ಇರುವೆ ಇಲ್ಲ ಎಂದರೆ ಕರೆಂಟು ಹೊರಬೀಳುತ್ತದೆ. ಕರೆಂಟು ಹೊರಬಿದ್ದರೆ ಮಂಗಲ ಅಥಣಿಯಲ್ಲೇ ಉಳಿಯುತ್ತಾಳೆ. ಇದ್ದದ್ದರಲ್ಲಿ ಇರುವೆಯೇ ವಾಸಿ ಅನ್ನಿಸಿತು. ಅಷ್ಟರಲ್ಲಿ ಮುದುಕಿ ಒಂದು ಕೈಯಿಂದ ಅವನ ಕಿವಿ ಹಿಡಿದು, ಇನ್ನೊಂದು ಕೈಯಿಂದ ಸೌಟು ಬಗ್ಗಿಸತೊಡಗಿದ್ದಳು.

"ಬ್ಯಾಡ ಆಯಿ, ಬ್ಯಾಡ! ಕೊಂದ್ರ ಪಾಪ!" ಎಂದು ಪಾರಿಸ ಚೀರಿದ. "ನಾವು ಜೈನರು. ಇರವೀನೂ ಒಂದ ಜೀವಾನೋ ಅಲ್ಲೋ? ಇರಲಿ ಬಿಡು, ತಾವ ಹೋಗ್ತಾವು."

ಕುದಿಯುವ ಎಣ್ಣೆಯಿಂದ ಕಿವಿ ಉಳಿಸಿಕೊಳ್ಳಲು ಆಡಿದ ಮಾತು ಅದು. ಶಿವಗಂಗವ್ವನ ಸೌಟು ಅಲ್ಲೇ ನಿಂತಿತು. ಅವಳು ಅವನನ್ನೇ ದಿಟ್ಟಿಸಿ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿದವು. "ತಾರವ್ವನ ಹೊಟ್ಟಿ ತಣ್ಣಗಿರಲಿ. ಎಂಥಾ ಮಗನ್ನ ಹಡದಾಳ!" ಎಂದು ಸೌಟು ಕೆಳಗಿಟ್ಟು ಎರಡೂ ಕೈಯಿಂದ ಅವನ ದೃಷ್ಟಿ ತೆಗೆದು, ಬಂದದ್ದಕ್ಕಿಂತ ಜೋರಾಗಿ ಹೊರಗೆ ಓಡಿದಳು.

ಇರಲಾರದವನು ಇರುವೆ ಬಿಟ್ಟುಕೊಂಡ ಎಂಬ ಗಾದೆ ಮಾಡಿದವರು ಪಾರಿಸನನ್ನು ನೋಡಿರಲಾರರು. ನೋಡಿದ್ದರೆ ಗಾದೆಯಲ್ಲಿ ಅವನ ಹೆಸರನ್ನೂ ಸೇರಿಸುತ್ತಿದ್ದರು.

ಅವನು ಮತ್ತೆ ದಿಂಬಿಗೆ ತಲೆ ಇಟ್ಟು ಕಣ್ಣು ಮುಚ್ಚಿದ್ದೇ ತಡ, ಹೊರಗೆ ಜನರ ಸಪ್ಪಳ ಕೇಳಿಸಿತು. ಬಾಗಿಲು ತೆರೆಯಿತು. ಎದುರಿಗೆ ನಿವೃತ್ತ ಹೆಡ್‌ಮಾಸ್ತರ ಆಬಾಸಾಹೇಬರು, ಅವರ ಹಿಂದೆ ಭರಮು, ಭರಮುವಿನ ಹಿಂದೆ ಅರ್ಧ ಓಣಿ.

ಆ ಕಾಲವೇ ಹಾಗಿತ್ತು ನೋಡಿ. ಬಾಗಿಲಿಗೆ ಅಗುಳಿ ಇರುತ್ತಿತ್ತು, ಹಾಕಿದರೆ ಓಣಿಯವರು ಬೇಜಾರು ಮಾಡಿಕೊಳ್ಳುತ್ತಿದ್ದರು. ನೆಗಡಿಯಾದರೆ ಹತ್ತು ಕಷಾಯ ಬರುತ್ತಿದ್ದವು, ಹತ್ತನ್ನೂ ಕುಡಿಯಬೇಕಾಗುತ್ತಿತ್ತು. ಈಗ ಎಲ್ಲರ ಮನೆಗೂ ಕಬ್ಬಿಣದ ಗೇಟು ಬಂದಿದೆ. ದಿನವಿಡೀ ಮಲಗಿದರೂ ಎಬ್ಬಿಸುವವರಿಲ್ಲ. ಆ ಸಲಿಗೆ ಮತ್ತೆ ಬರಬಾರದೇ ಅನ್ನಿಸುತ್ತದೆ. ಆದರೆ ಆ ಗುರುವಾರ ಪಾರಿಸನಿಗೆ ಒಂದು ಕಬ್ಬಿಣದ ಗೇಟು ಸಿಕ್ಕಿದ್ದರೆ ಅಂಗಡಿಯನ್ನೇ ಮಾರಿ ಕೊಳ್ಳುತ್ತಿದ್ದ.

"ಏನೂ ಗಾಬರಿ ಆಗಬ್ಯಾಡ" ಎಂದರು ಆಬಾಸಾಹೇಬರು, ಕನ್ನಡಕವನ್ನು ಮೂಗಿನ ತುದಿಗೆ ತಂದು. "ಕೊಲ್ಲೂ ಮಾತ ಬ್ಯಾಡ ಅಂದಿ, ಶಾಬಾಸ್. ಆದ್ರ ಶಾಸ್ತ್ರ ಬ್ಯಾರೆ, ವಿಜ್ಞಾನ ಬ್ಯಾರೆ. ಇರವಿಗೆ ಸಿಹಿ ಅಂದ್ರ ಪ್ರಾಣ. ಕಿವಿ ಮುಂದ ಬೆಲ್ಲ ಇಟ್ರ ತಾವ ಸಾಲ ಹಚ್ಚಿ ಹೊರಗ ಬರ್ತಾವು. ಹಿಂಸಾನೂ ಇಲ್ಲ, ಎಣ್ಣೀನೂ ಬ್ಯಾಡ."

"ಗುರುಗಳ, ನನಗ ನಿದ್ದಿ ಬರಾಕತ್ತೈತ್ರಿ. ಒಂದ ತಾಸ ಬಿಡ್ರಿ. ನಮ್ಮ ಮಾವಾರು ಬರಾವ್ರದಾರ."

"ಮಲಕೋ, ಮಲಕೋ. ಮಲಗಿದ್ರನ ಕಿವಿ ಚೊಲೋ ಸಿಗ್ತೈತಿ" ಎಂದ ಭರಮು. ಅವನು ಆಗಲೇ ಪಾರಿಸನದೇ ಪೆಂಟಿಯಿಂದ ಪಾರಿಸನದೇ ಕತ್ತಿಯಿಂದ ಎರಡು ದೊಡ್ಡ ಬೆಲ್ಲದ ಉಂಡೆ ಒಡೆದಿದ್ದ. ಒಂದು ಬಲಗಿವಿಗೆ, ಒಂದು ಎಡಗಿವಿಗೆ. ಒಡೆಯುವಾಗ ಉದುರಿದ ಚೂರನ್ನು ಬಾಯಿಗೆ ಹಾಕಿಕೊಂಡ.

ಪಾರಿಸ ಕಣ್ಣು ಮುಚ್ಚಿ ಅಂಗಾತ ಮಲಗಿದ. ಬೆಲ್ಲವಾದರೆ ಬೆಲ್ಲ, ಗಲಾಟೆ ಮಾಡದಿದ್ದರೆ ಸಾಕು. ಸ್ವಲ್ಪ ಹೊತ್ತು ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ನಿದ್ದೆ ಮತ್ತೆ ಮೆಲ್ಲಗೆ ಹತ್ತಿರ ಸರಿಯಿತು.

ಈಗ ಒಂದು ಮಾತು ನೆನಪಿಡಬೇಕು. ಅದು ಕಿರಾಣಿ ಅಂಗಡಿ. ಬೆಲ್ಲದ ಅಂಗಡಿಯಲ್ಲಿ ಇರುವೆ ಇಲ್ಲದೆ ಇನ್ನೇನು ಇರುತ್ತದೆ? ಗೋಡೆಯ ಸಂದಿನಿಂದ ಒಂದು ಸಾಲು ಹೊರಟು ಗಾದಿಯನ್ನು ಹತ್ತಿ ಬಲಗಿವಿಯ ಬೆಲ್ಲಕ್ಕೆ ಬಂತು.

"ಬಂದ್ವು! ಬಂದ್ವು!" ಎಂದು ಅರ್ಧ ಓಣಿ ಒಟ್ಟಿಗೆ ಕೂಗಿತು. ಪಾರಿಸ ಬೆಚ್ಚಿಬಿದ್ದ.

"ಅಳ್ಳಾಡಬ್ಯಾಡಲೇ! ಅಂಜಿ ಹೊಳ್ಳಿ ಹೋದಾವು!" ಎಂದು ಭರಮು ಅವನ ಎದೆ ಒತ್ತಿ ಹಿಡಿದ.

ಶಿವಗಂಗವ್ವ ಬಗ್ಗಿ ನೋಡಿದಳು. "ಮಾಸ್ತರ್ರ, ಇವು ಹೊರಗ ಬರಾಕತ್ತಾವೋ ಒಳಗ ಹೊಂಟಾವೋ?"

ಒಳ್ಳೆಯ ಪ್ರಶ್ನೆ. ಆಬಾಸಾಹೇಬರು ಮೊಣಕಾಲೂರಿ ಇರುವೆಗಳ ಮುಖ ಯಾವ ಕಡೆ ಇದೆ ಎಂದು ಪರಿಶೀಲಿಸಿದರು. ಕೆಲವು ಈ ಕಡೆ, ಕೆಲವು ಆ ಕಡೆ. "ಬರೂವೂ ಅದಾವು, ಹೋಗೂವೂ ಅದಾವು" ಎಂದು ತೀರ್ಪು ಕೊಟ್ಟರು. "ಒಳಗಿನವಕ್ಕ ಸುದ್ದಿ ಮುಟ್ಟಿಸಾಕ ಹೊಂಟಿರಬೇಕು."

ಒಂದು ಇರುವೆ ನಿಜವಾಗಿಯೂ ಕಿವಿಯ ಹಾಲೆ ಹತ್ತಿತು. ಹತ್ತಿ, ಸುತ್ತಲೂ ನೋಡಿ, ಕಚ್ಚಿತು. ಪಾರಿಸ "ಅಯ್ಯಪ್ಪೋ" ಎಂದು ಹಾರಿ ಎದ್ದವನು ಕಪಾಟಿಗೆ ಹಾಯ್ದ. ಮೇಲಿನ ಸಕ್ಕರೆಯ ಡಬ್ಬಿ ಉರುಳಿ ಅವನ ನೆತ್ತಿಯ ಮೇಲೆ ಬರಿದಾಯಿತು. ಕೈ ಕಿವಿಗೆ ಹೊಡೆಯಲು ಎದ್ದಿತ್ತು. ಆದರೆ ಇಷ್ಟು ಮಂದಿಯ ಎದುರು, ಕೊಂದರೆ ಪಾಪ ಎಂದು ಈಗ ತಾನೇ ಹೇಳಿದ ಬಾಯಿ! ಕೈಯನ್ನು ಹಾಗೇ ಇಳಿಸಿದ. ಎರಡು ಬೆರಳಿಂದ ಆ ಇರುವೆಯನ್ನು ಮೆಲ್ಲಗೆ ಎತ್ತಿ, ಬೆಲ್ಲದ ಮೇಲೆ ಬಿಟ್ಟ. ಅವನ ಕಣ್ಣಿನಿಂದ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು. ಅದು ನೋವಿನ ನೀರು. ಓಣಿಯವರು ಕರುಣೆಯ ನೀರೆಂದು ತಿಳಿದು ಕೈಮುಗಿದರು.

ಸರಿಯಾಗಿ ಆಗಲೇ ಬಾಗಿಲಲ್ಲಿ ಕೆಮ್ಮು ಕೇಳಿಸಿತು.

"ಅಳಿಯಂದ್ರು ಮಲಗ್ಯಾರೇನು?"

ಬಾಪುಸಾಹೇಬರು ನಿಂತಿದ್ದರು. ಬಿಳಿ ಧೋತರ, ಕರಿ ಟೊಪ್ಪಿಗೆ, ಬಗಲಲ್ಲಿ ಕೊಡೆ. ಅವರ ಹಿಂದೆ ಹೊಸ್ತಿಲಾಚೆ ಮಂಗಲ. ಕೈಯಲ್ಲಿ ಬಟ್ಟೆಯ ಗಂಟು. ಅದನ್ನು ಕೆಳಗಿಟ್ಟಿರಲಿಲ್ಲ. ಇಡಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಬೇಕಿತ್ತಲ್ಲ. ಅವಳು ಗಂಡನನ್ನು ನೋಡಿದಳು. ಕೂದಲ ತುಂಬ ಸಕ್ಕರೆ, ಕಿವಿಗೆ ಮೆತ್ತಿದ ಬೆಲ್ಲ, ಕಣ್ಣಲ್ಲಿ ನೀರು. ಸೊರಗಿದ್ದಾನೆ ಅನ್ನಿಸಿತು ಅವಳಿಗೆ, ಬೇರೇನೂ ಅನ್ನಿಸಲಿಲ್ಲ.

"ಏನ್ರಿ ಇದು ನಾಟಕ?" ಬಾಪುಸಾಹೇಬರ ದನಿ ಗಡುಸಾಯಿತು. "ಮಲಗೂ ಹೊತ್ತಿನ್ಯಾಗ ಮಂದಿ ಕೂಡಿಸ್ಕೊಂಡ ಬೆಲ್ಲ ಹಚ್ಗೊಂಡ ಕುಂತೀರಿ? ಆ ಕಿವಿ ಮುಂದ ಏನದು ಕೆಂಪ?" ಅವರು ಹತ್ತಿರ ಬಂದು ಕಣ್ಣು ಕಿರಿದು ಮಾಡಿದರು. "ಅಳಿಯಂದ್ರ, ಖರೇ ಹೇಳ್ರಿ. ತಲಿಗೆ ಏನರ ಮಾಡಿಸ್ಕೊಂಡ ಬಂದೀರೇನು? ಕರೆಂಟ ಗಿರೆಂಟ?"

ಪಾರಿಸನಿಗೆ ಅತ್ತ ದರಿ, ಇತ್ತ ಪುಲಿ. ಅವನು ಮಾವನನ್ನು ನೋಡಲಿಲ್ಲ, ಮಂಗಲಳ ಕೈಯಲ್ಲಿದ್ದ ಗಂಟನ್ನು ನೋಡಿದ. ಅವಳ ಬೆರಳುಗಳು ಅದರ ಕಟ್ಟನ್ನು ಬಿಗಿಯಾಗಿ ಹಿಡಿದಿದ್ದವು.

"ಇಲ್ರಿ ಮಾವಾರ" ಎಂದ. "ಇರವಿನರಿ."

"ಹೌದ್ರಿ ಸಾವಕಾರ!" ಎಂದು ಭರಮು ಮುಂದೆ ನುಗ್ಗಿದ. "ನಾ ಸಾಕ್ಷಿ ಅದೀನಿ. ತಲಿ ತುಂಬ ಇರವಿ. ಮಿರ್ಜಿ ಡಾಕ್ಟರ ಸೋತ, 'ತಾವ ಹೋಗ್ತಾವು' ಅಂತ ಕೈಬಿಟ್ಟಾನ. ಶಿವಗಂಗವ್ವ ಎಣ್ಣಿ ಬಿಡಾಕ ಬಂದ್ರ ಈ ಪುಣ್ಯಾತ್ಮ ಏನಂದ ಗೊತ್ತೇನ್ರಿ? ಕೊಂದ್ರ ಪಾಪ, ಅವೂ ಜೀವ ಅಂದ!"

"ಈಗ ಕಿವಿ ಕಚ್ಚಿದ್ದನ್ನ ಎತ್ತಿ ಬೆಲ್ಲ ತಿನಿಸಿದ್ನೆಪ್ಪಾ, ನನ್ನ ಕಣ್ಣಲೇ ನೋಡೀನಿ" ಎಂದಳು ಶಿವಗಂಗವ್ವ.

ಬಾಪುಸಾಹೇಬರ ಕೊಡೆ ಬಗಲಿಂದ ಜಾರಿ ಕೆಳಗೆ ಬಿತ್ತು. ಅವರು ಎತ್ತಿಕೊಳ್ಳಲಿಲ್ಲ. ಸಕ್ಕರೆಯ ಮೇಲೆ ನಡೆಯುತ್ತಿದ್ದ ಇರುವೆಗಳಿಗೆ ಕಾಲು ತಾಗದಂತೆ ಹೆಜ್ಜೆ ಇಟ್ಟು ಬಂದು ಅಳಿಯನ ಎದುರು ಕೂತರು.

"ಮಂಗಲಾ" ಎಂದು ಮಗಳ ಕಡೆ ತಿರುಗಿದರು. "ನಾವು ಎಂಥಾ ತಪ್ಪ ಮಾಡಿದ್ವು! ಇವ್ರು ನಿದ್ದಿಗೆಟ್ಟ ಮನಶ್ಯಾ ಅಂತ ನಾ ಊರೆಲ್ಲಾ ಆಡ್ಕೊಂಡೆ. ನಿದ್ದಿ ಬರಲಾರದ್ದಲ್ಲವ್ವಾ ಇದು. ತಲಿ ದಿಂಬಿಗೆ ಕೊಟ್ರ ಒಳಗಿನ ಜೀವಗೋಳು ಅರದ ಹೋದಾವು ಅಂತ ಇವ್ರು ಮಲಗವಲ್ರು! ಅದಕ್ಕ ಎದ್ದ 'ಬ್ಯಾಳಿ ಆರಸ್ತೀನಿ, ಡಬ್ಬಿ ಒರಸ್ತೀನಿ' ಅಂತಿದ್ರು. ಯಾರ ಮುಂದೂ ಹೇಳಲಿಲ್ಲ. ನಾವು ಹುಳಕ್ಕ ಸುತ್ತ ಹಾಕಿ ನಡೀತೀವಿ. ಇವ್ರು ತಲ್ಯಾಗ ಮನಿ ಮಾಡಿ ಕೊಟ್ಟಾರ!"

ಇಂಥ ಅರ್ಥ ಪಾರಿಸನ ಕನಸಿನಲ್ಲೂ ಬಂದಿರಲಿಲ್ಲ. ಕನಸು ಬೀಳಲು ಅವನಿಗೆ ನಿದ್ದೆಯಾದರೂ ಎಲ್ಲಿತ್ತು? ಆದರೆ ಅವನು ನೋಡುತ್ತಿದ್ದದ್ದು ಮಂಗಲಳನ್ನು. ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. ಗಂಟನ್ನು ಕೆಳಗಿಟ್ಟಳು. ಸೆರಗಿನ ತುದಿಯಿಂದ ಅವನ ಮುಖದ ಸಕ್ಕರೆ ಒರೆಸಿ, "ನನಗರ ಒಂದ ಮಾತ ಹೇಳಬಾರದಿತ್ತೇನ್ರಿ?" ಎಂದಳು. ಅವಳ ಬಳೆಯ ಸಪ್ಪಳ ಕೇಳಿ ಎರಡು ತಿಂಗಳಾಗಿತ್ತು. ಪಾರಿಸನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಇನ್ನು ಈ ಜಗತ್ತಿನಲ್ಲಿ ಅವನಿಗೆ ಏನೂ ಬೇಕಿರಲಿಲ್ಲ.

ಮಂದಿ ಒಬ್ಬೊಬ್ಬರೇ ಅವನ ಕಾಲಿಗೆ ನಮಸ್ಕಾರ ಮಾಡಿ ಹೊರಗೆ ಸರಿದರು. ಎದೆಯ ಭಾರ ಇಳಿದದ್ದೇ ತಡ, ಬೆಳಗಿನಿಂದ ಬಾಗಿಲಲ್ಲಿ ಕಾದು ನಿಂತಿದ್ದ ನಿದ್ದೆ ಕೃಷ್ಣೆಯ ಮಹಾಪೂರದಂತೆ ಒಳಗೆ ನುಗ್ಗಿತು. ಆಹಾ, ಏನು ನಿದ್ದೆ! ಕೈಕಾಲು ಹತ್ತಿಯಾದವು. ಹೆಂಡತಿ ಪಕ್ಕದಲ್ಲಿದ್ದಾಳೆ, ಮಾವ ಒಲಿದಿದ್ದಾರೆ. ಪಾರಿಸ ಮುಗುಳ್ನಗುತ್ತ ಗಾದಿಯ ಮೇಲೆ ಒರಗಿ ದಿಂಬಿನತ್ತ ತಲೆ ಬಾಗಿಸಿದ.

"ಅಳಿಯಂದ್ರ! ತಲಿ! ತಲಿ!" ಎಂದು ಬಾಪುಸಾಹೇಬರು ಕೂಗಿ ದಿಂಬನ್ನು ಎಳೆದುಕೊಂಡರು. "ದಣಿವಿನ್ಯಾಗ ವ್ರತ ಮರೀತೀರಿ. ಮಂಗಲಾ, ಹಿಡಿ ಅವ್ರನ್ನ."

ಮಂಗಲ ಎರಡೂ ಅಂಗೈಯಲ್ಲಿ ಅವನ ಗಲ್ಲ ಹಿಡಿದು ತಲೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಮಾವಾರ" ಎಂದ ಪಾರಿಸ ತೊದಲುತ್ತ, "ಇರವಿ ಹೋದ್ವುರಿ. ಎಲ್ಲಾ ಹೋದ್ವು. ಬೆಲ್ಲಕ್ಕ ಬಂದ್ವಲ್ರಿ, ಅವ ಒಳಗಿದ್ದವುರಿ."

"ಹೋದ್ವು ಅಂತ ನೀವ ಹೆಂಗ ಹೇಳ್ತೀರಿ? ಒಂದ ಉಳದಿದ್ರೂ ಜೀವಾನ ಅಲ್ಲೇನು?" ಬಾಪುಸಾಹೇಬರು ಟೊಪ್ಪಿಗೆ ಸರಿ ಮಾಡಿಕೊಂಡರು. "ಹಂಗಂದ್ರ ನಾಳೆ ನಾವೆಲ್ಲಾರೂ ಕೂಡಿ ಮಿರ್ಜಿಗೆ ಹೋಗೋಣು. ಆ ಡಾಕ್ಟರನ ಎದರ ನಿಂತ, 'ನಮ್ಮ ಅಳಿಯಂದ್ರ ತಲಿಗೆ ಏನ ಮಾಡೀರಿ, ಇರವಿ ಅದಾವೋ ಹೋಗ್ಯಾವೋ' ಅಂತ ನಾನ ಕೇಳ್ತೀನಿ."

ಪಾರಿಸನ ಮಂಪರು ಒಂದು ಗಳಿಗೆ ಹಾರಿಹೋಯಿತು. "ಬ್ಯಾಡ್ರಿ ಮಾವಾರ, ಮಿರ್ಜಿಗೆ ಬ್ಯಾಡ್ರಿ! ಅದಾವ್ರಿ, ಅದಾವು. ಈಗ ಅಳ್ಳಾಡಿದ್ವು ನೋಡ್ರಿ."

"ನಾ ಅಂದಿಲ್ಲೇನು? ತಾವಾಗಿ ಹೋಗೂತನಕ ಕಾಯೋಣು, ಡಾಕ್ಟರ ಹೇಳಿದಾಂಗ. ನಾನೂ ಇಲ್ಲೇ ಇರ್ತೀನಿ. ಅಪ್ಪ ಮಗಳು ಪಾಳಿ ಮ್ಯಾಲ ಕೂಡ್ತೀವಿ. ಅವ್ರ ತಲಿ ಕೆಳಗ ಬೀಳಾಕ ಬಿಡೂದಿಲ್ಲ" ಎಂದು ಅವರು ಧೋತರ ಎತ್ತಿಕಟ್ಟಿ ಗೋಡೆಗೆ ಬೆನ್ನು ಕೊಟ್ಟು ಪಟ್ಟಾಗಿ ಕೂತರು.

ಮಂಗಲ ಗಂಡನಿಗೆ ಇನ್ನಷ್ಟು ಹತ್ತಿರ ಸರಿದು ಕೂತಳು. ನಿದ್ದೆ ಬೇಕೆಂದು ತವರಿಗೆ ಹೋಗಿದ್ದ ಹೆಣ್ಣುಮಗಳ ಮುಖದಲ್ಲಿ ಈಗ ಎಂಥ ಅಭಿಮಾನ! ಪಾರಿಸನ ರೆಪ್ಪೆಗಳು ಮತ್ತೆ ಅಂಟಿಕೊಂಡವು. ಕೊಬ್ಬರಿ ಎಣ್ಣೆಯ ವಾಸನೆ, ಎಳೆಬಿಸಿಲು, ಗಾಣದ ಬೆಲ್ಲ ಎಲ್ಲವೂ ತೇಲಿ ಬಂದವು. ಅವನ ತಲೆ ಬಹಳ ಮೆಲ್ಲಗೆ ಹೆಂಡತಿಯ ಹೆಗಲ ಕಡೆ ವಾಲಿತು.

ಅವಳು ಅವನ ಗಲ್ಲ ತಟ್ಟಿದಳು, ಅಷ್ಟೇ ಮೆಲ್ಲಗೆ, ಅಷ್ಟೇ ಪ್ರೀತಿಯಿಂದ.

"ರೀ, ಏಳ್ರಿ. ಪಾಪ, ಅವು ಈಗರೆ ಮಲಗಿರಬೇಕು."